ಟಾಮಿ ಫ್ಲಾನಗನ್: ಎಲಾ ಫಿಟ್ಜೆರಾಲ್ಡ್ ಪಕ್ಕದ ಪಿಯಾನೋ ಬಗ್ಗೆ ಒಂದು ಚರ್ಚೆ

ಹೊಳೆದಂಡೆ:

ಹೋದ ವಾರ ಇಲ್ಲಿ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ‘ಜಾಯಂಟ್ ಸ್ಟೆಪ್ಸ್’ ಅನ್ನುವ ಜಾಝ್ ರಚನೆಯ ಬಗ್ಗೆ ಮಾತು ನಡೆದಿತ್ತು. ಅದರಲ್ಲಿ ಪಿಯಾನೋದವರು ತಡವರಿಸಿದರು ಅಂತ ಒಂದು ಸಾಲು ಬಂತು. ಮಾತು ಅಲ್ಲಿಗೇ ಮುಗಿಯಿತು. ನನಗೆ ಮಾತ್ರ ಆ ಸಾಲು ತಲೆಯಿಂದ ಹೋಗಲಿಲ್ಲ. ಆ ಪಿಯಾನೋದವರು ಟಾಮಿ ಫ್ಲಾನಗನ್. ಒಂದು ನಿಮಿಷವೂ ಇಲ್ಲದ ಒಂದು ಸೋಲೋ (ಒಬ್ಬರೇ ಮುಂದೆ ಬಂದು ನುಡಿಸುವ ಭಾಗ) ಹಿಡಿದು ಅವರನ್ನು ಅಳೆಯುವುದು ಅನ್ಯಾಯ.

ನನ್ನ ವಾದ ಇಷ್ಟೇ. ಫ್ಲಾನಗನ್ ಅವರ ದೊಡ್ಡತನ ಇರುವುದು ಪಕ್ಕವಾದ್ಯದಲ್ಲೇ. ಗಾಯಕಿ ಎಲಾ ಫಿಟ್ಜೆರಾಲ್ಡ್ ಜೊತೆ ಕಳೆದ ವರ್ಷಗಳನ್ನು ಬಹಳ ಜನ "ಹೊಟ್ಟೆಪಾಡಿನ ಕೆಲಸ" ಅನ್ನೋ ಹಾಗೆ ಬರೆಯುತ್ತಾರೆ. ಆ ವರ್ಷಗಳಲ್ಲೇ ಅವರ ಕೈ ಪಳಗಿದ್ದು ಅಂತ ನನ್ನ ಅನಿಸಿಕೆ. ಒಪ್ಪದವರು ಬನ್ನಿ, ವಾದ ಮಾಡೋಣ.

ಹೊಸಬರಿಗೆ ಸ್ವಲ್ಪ ಹಿನ್ನೆಲೆ. ಹುಟ್ಟಿದ್ದು 1930ರ ಮಾರ್ಚ್ 16ರಂದು, ಅಮೆರಿಕದ ಡೆಟ್ರಾಯ್ಟ್‌ನಲ್ಲಿ. ಅಪ್ಪ ಅಂಚೆಯವರು. ಆರು ಮಕ್ಕಳಲ್ಲಿ ಇವರೇ ಕೊನೆಯವರು. ಆರನೇ ವಯಸ್ಸಿಗೆ ಕೈಗೆ ಬಂದದ್ದು ಕ್ಲಾರಿನೆಟ್. ಆದರೆ ಅಣ್ಣ ಜಾನ್ಸನ್ ಪಿಯಾನೋ ನುಡಿಸುತ್ತಿದ್ದರು. ತಮ್ಮನ ಕಣ್ಣು ಅದರ ಮೇಲೇ. ಗ್ಲಾಡಿಸ್ ಡಿಲ್ಲಾರ್ಡ್ ಅನ್ನುವ ಶಿಕ್ಷಕಿ ಇಬ್ಬರಿಗೂ ಪಾಠ ಹೇಳಿದರು. ಆರ್ಟ್ ಟೇಟಮ್, ಟೆಡ್ಡಿ ವಿಲ್ಸನ್, ನ್ಯಾಟ್ ಕಿಂಗ್ ಕೋಲ್ ಅನ್ನುವ ಪಿಯಾನೋ ವಾದಕರನ್ನೆಲ್ಲ ಕೇಳುತ್ತಾ ಬೆಳೆದರು. ಆಮೇಲೆ ವೇಗದ ಪಿಯಾನೋದ ಬಡ್ ಪವೆಲ್ ಬಂದರು, ಹುಡುಗನ ಬಲಗೈ ಬೇರೆಯದೇ ದಾರಿ ಹಿಡಿಯಿತು.

1951ರಲ್ಲಿ ಸೈನ್ಯಕ್ಕೆ ಕರೆ ಬಂತು. ಕೊರಿಯಾಕ್ಕೆ ಕಳಿಸಿದರು. ಅಲ್ಲಿ ಅವರ ಕೆಲಸ ಸೈನಿಕರಿಗೆ ಸಿನಿಮಾ ತೋರಿಸುವ ಪ್ರೊಜೆಕ್ಟರ್ ಓಡಿಸುವುದು. ಎರಡು ವರ್ಷ ಹಾಗೆ ಹೋಯಿತು. ವಾಪಸ್ ಬಂದು ಮತ್ತೆ ಡೆಟ್ರಾಯ್ಟ್ ಕ್ಲಬ್‌ಗಳು.

1956ರಲ್ಲಿ ಗಿಟಾರಿಸ್ಟ್ ಕೆನ್ನಿ ಬರೆಲ್ ಜೊತೆ ನ್ಯೂಯಾರ್ಕ್‌ಗೆ ಹೋದರು. ಆ ಒಂದು ವರ್ಷ ನೋಡಿ. ಮಾರ್ಚ್ 16, ಅಂದರೆ ಅವರ 26ನೇ ಹುಟ್ಟುಹಬ್ಬದ ದಿನವೇ, ಟ್ರಂಪೆಟ್‌ನ ಮೈಲ್ಸ್ ಡೇವಿಸ್ ಮತ್ತು ಸ್ಯಾಕ್ಸೊಫೋನ್‌ನ ಸಾನಿ ರಾಲಿನ್ಸ್ ಜೊತೆ ರೆಕಾರ್ಡಿಂಗ್. ಜೂನ್ 22ಕ್ಕೆ ರಾಲಿನ್ಸ್ ಅವರ ‘ಸ್ಯಾಕ್ಸೊಫೋನ್ ಕೊಲೋಸಸ್’ ಆಲ್ಬಂ. ಜುಲೈನಲ್ಲಿ ನ್ಯೂಪೋರ್ಟ್ ಜಾಝ್ ಉತ್ಸವ, ಎಲಾ ಫಿಟ್ಜೆರಾಲ್ಡ್ ಜೊತೆ. ಊರಿಂದ ಆಗತಾನೇ ಬಂದ ಹುಡುಗನನ್ನು ಇಷ್ಟು ಜನ ಯಾಕೆ ಕರೆದರು? ಇಲ್ಲಿಂದಲೇ ಮಾತು ಶುರು ಮಾಡೋಣ ಅಂತ.

ಮಿಶಿಗನ್ ಮಾವ:

ನಾನು ಡೆಟ್ರಾಯ್ಟ್ ಪಕ್ಕದಲ್ಲೇ ಇರುವುದು. ಕಾರ್ ಕಂಪನಿ ಕೆಲಸಕ್ಕೆ ಬಂದವನು ಇಲ್ಲೇ ಉಳಿದೆ. ಊರಿನ ಬಗ್ಗೆ ಒಂದೆರಡು ಮಾತು ಸೇರಿಸುತ್ತೇನೆ. ಯಾಕಂದ್ರೆ ಫ್ಲಾನಗನ್ ಒಬ್ಬರೇ ಆಕಾಶದಿಂದ ಬಿದ್ದವರಲ್ಲ.

ಅವರು ಬೆಳೆದ ಕಾನಂಟ್ ಗಾರ್ಡನ್ಸ್ ಕಪ್ಪು ಜನ ಸ್ವಂತ ದುಡ್ಡಿನಲ್ಲಿ ಮನೆ ಕಟ್ಟಿಕೊಂಡ ಬಡಾವಣೆ. ಕಾರ್ಖಾನೆ ಸಂಬಳ, ಸರ್ಕಾರಿ ಸಂಬಳ ಬರುವ ಕುಟುಂಬಗಳು. ಅಂಥ ಮನೆಗಳಲ್ಲಿ ಪಿಯಾನೋ ಇರುತ್ತಿತ್ತು, ಮಕ್ಕಳಿಗೆ ಪಾಠ ಹೇಳಿಸುತ್ತಿದ್ದರು. ಶಾಲೆಗಳಲ್ಲೂ ಸಂಗೀತ ಗಟ್ಟಿಯಾಗಿತ್ತು. ಫ್ಲಾನಗನ್ ಓದಿದ ನಾರ್ದರ್ನ್ ಹೈಸ್ಕೂಲಿನಲ್ಲೇ ಇನ್ನೊಬ್ಬ ಪಿಯಾನೋ ವಾದಕ ರೋಲಂಡ್ ಹ್ಯಾನಾ ಓದಿದ್ದು. ಬ್ಯಾರಿ ಹ್ಯಾರಿಸ್ ಕೂಡ ಇದೇ ಊರು, ಫ್ಲಾನಗನ್‌ಗಿಂತ ಮೂರು ತಿಂಗಳು ದೊಡ್ಡವರು. ಹ್ಯಾಂಕ್ ಜೋನ್ಸ್ ಬೆಳೆದದ್ದು ಪಕ್ಕದ ಪಾಂಟಿಯಾಕ್‌ನಲ್ಲಿ. ಅವರ ತಮ್ಮಂದಿರೇ ಟ್ರಂಪೆಟ್‌ನ ಥ್ಯಾಡ್ ಜೋನ್ಸ್ ಮತ್ತು ಡ್ರಮ್ಸ್‌ನ ಎಲ್ವಿನ್ ಜೋನ್ಸ್.

ಟೈರ್‌ಮನ್ ರಸ್ತೆಯಲ್ಲಿ ಬ್ಲೂ ಬರ್ಡ್ ಇನ್ ಅಂತ ಒಂದು ಕ್ಲಬ್. ಐವತ್ತರ ದಶಕದಲ್ಲಿ ಇವರೆಲ್ಲ ಅಲ್ಲಿ ನುಡಿಸಿದವರೇ. ಕೊರಿಯಾದಿಂದ ಬಂದ ಮೇಲೆ ಫ್ಲಾನಗನ್ ಕೂತದ್ದು ಥ್ಯಾಡ್ ಮತ್ತು ಎಲ್ವಿನ್ ಜೊತೆ ಅದೇ ಕ್ಲಬ್‌ನಲ್ಲಿ. ಕೇಳುವ ಜನ ಸಂಗೀತ ಗೊತ್ತಿದ್ದವರು. ಸುಮ್ನೆ ವೇಗ ತೋರಿಸಿ ಗೆಲ್ಲುವ ಜಾಗ ಅದಲ್ಲ. ಕಟ್ಟಡ ಇವತ್ತಿಗೂ ನಿಂತಿದೆ.

ಡೆಟ್ರಾಯ್ಟ್ ಪಿಯಾನೋದವರನ್ನು ಗುರುತಿಸುವುದು ಕಷ್ಟವಿಲ್ಲ. ಹ್ಯಾಂಕ್ ಜೋನ್ಸ್, ಫ್ಲಾನಗನ್, ಹ್ಯಾರಿಸ್, ಹ್ಯಾನಾ ನಾಲ್ವರನ್ನೂ ಸಾಲಾಗಿ ಕೇಳಿ. ಬಡ್ ಪವೆಲ್ ವೇಗ ಇದೆ, ಆದರೆ ಒರಟಿಲ್ಲ. ಎಷ್ಟೇ ಜೋರು ಓಟ ಇದ್ದರೂ ಬೆರಳು ಕೀಲಿಯನ್ನು ಹೊಡೆಯುವುದಿಲ್ಲ, ಒತ್ತುತ್ತದೆ. ಒಂದೊಂದು ಸ್ವರಕ್ಕೂ ದುಂಡಗಿನ ಆಕಾರ. ಗಾಯಕರಿಗೆ ಇಂಥವರೇ ಬೇಕು. ಫ್ಲಾನಗನ್‌ಗಿಂತ ಮೊದಲು, ನಲವತ್ತರ ದಶಕದ ಕೊನೆಯಲ್ಲೇ, ಹ್ಯಾಂಕ್ ಜೋನ್ಸ್ ಎಲಾ ಜೊತೆ ಕೆಲಸ ಮಾಡಿದ್ದರು. 1962ರಲ್ಲಿ ಅಧ್ಯಕ್ಷ ಕೆನಡಿಗೆ ಮರಿಲಿನ್ ಮನ್ರೋ ಹುಟ್ಟುಹಬ್ಬದ ಹಾಡು ಹೇಳಿದಾಗ ಪಿಯಾನೋದಲ್ಲಿ ಇದ್ದವರೂ ಅದೇ ಹ್ಯಾಂಕ್ ಜೋನ್ಸ್.

ಕರಾವಳಿ ಕೀಲಿಮಣೆ:

ನಾನು ಮಂಗಳೂರಿನವನು. ಚರ್ಚ್ ಕ್ವಾಯರ್‌ಗೂ ಮದುವೆ ರಿಸೆಪ್ಷನ್‌ಗಳಿಗೂ ಕೀಬೋರ್ಡ್ ನುಡಿಸುತ್ತೇನೆ. ಬಹಳಷ್ಟು ಗಾಯಕರಿಗೆ ಪಕ್ಕ ಕೂತಿದ್ದೇನೆ. "ಪಕ್ಕವಾದ್ಯದಲ್ಲಿ ಏನಿದೆ ಮಹಾ" ಅನ್ನುವವರಿಗೆ ಆ ಕೆಲಸದೊಳಗೆ ಏನೇನಿದೆ ಅಂತ ಹೇಳಬೇಕು ಅನಿಸಿತು.

ಮೊದಲನೆಯದು ಶ್ರುತಿ. ಗಾಯಕರು ತಮ್ಮ ಗಂಟಲಿಗೆ ಹೊಂದುವ ಶ್ರುತಿಯಲ್ಲಿ ಹಾಡುತ್ತಾರೆ. ವಾದ್ಯದವರು ಕಲಿತಿರುವ ಶ್ರುತಿ ಬೇರೆ ಇರುತ್ತದೆ. ಪಿಯಾನೋದಲ್ಲಿ ಶ್ರುತಿ ಬದಲಾದರೆ ಕೈಯ ನಕ್ಷೆಯೇ ಬದಲಾಗುತ್ತದೆ. ಕಪ್ಪು ಕೀಲಿ ಇದ್ದಲ್ಲಿ ಬಿಳಿ ಬರುತ್ತದೆ. ಅದೇ ಹಾಡನ್ನು ಹನ್ನೆರಡರಲ್ಲಿ ಯಾವ ಶ್ರುತಿಯಲ್ಲಿ ಕೇಳಿದರೂ ಯೋಚನೆ ಮಾಡದೆ ನುಡಿಸಬೇಕು.

ಎರಡನೆಯದು ಇಂಟ್ರೋ, ಅಂದರೆ ಹಾಡಿಗೆ ಮುಂಚೆ ನುಡಿಸುವ ಭಾಗ. ನಾಲ್ಕೇ ಬಾರ್, ಅಂದರೆ ತಾಳದ ನಾಲ್ಕು ಸುತ್ತು. ಅಷ್ಟರಲ್ಲಿ ಗಾಯಕಿಗೆ ಶ್ರುತಿ ಕೊಡಬೇಕು, ಲಯ ಕೊಡಬೇಕು, ಹಾಡಿನ ಮನಸ್ಥಿತಿ ಕೊಡಬೇಕು. ಆದರೆ ಹಾಡಿನ ಧಾಟಿಯನ್ನು ಮೊದಲೇ ಬಿಟ್ಟುಕೊಡಬಾರದು. ಅದನ್ನು ತೆರೆದು ಹೇಳುವ ಹಕ್ಕು ಹಾಡುವವರದು.

ಮೂರನೆಯದು ಜಾಗ ಬಿಡುವುದು. ಇದೇ ಅತಿ ಕಷ್ಟ. ಎಡಗೈಯಲ್ಲಿ ಮೂಲ ಸ್ವರ ನುಡಿಸಬೇಕಿಲ್ಲ, ಅದನ್ನು ಬಾಸ್ (ತಗ್ಗಿನ ಸ್ವರದ ತಂತಿವಾದ್ಯ) ನೋಡಿಕೊಳ್ಳುತ್ತದೆ. ಮಧ್ಯದ ಎರಡು ಮೂರು ಸ್ವರ ಸಾಕು. ಗಾಯಕಿ ಸಾಲು ಹಾಡುವಾಗ ಸುಮ್ಮನಿರಬೇಕು. ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವ ಆ ಸಣ್ಣ ಸಂದಿಯಲ್ಲಿ ಏನಾದರೂ ಹೇಳಬೇಕು. ಮುಂದಿನ ಪದ ಬರುವ ಮೊದಲೇ ಹೊರಗೆ ಬಂದಿರಬೇಕು. ಫ್ಲಾನಗನ್ ಈ ಸಂದಿಗಳಲ್ಲಿ ನುಡಿಸುವುದನ್ನಷ್ಟೇ ಕೇಳಿ. 1974ರಲ್ಲಿ ಲಂಡನ್‌ನ ರಾನಿ ಸ್ಕಾಟ್ಸ್ ಕ್ಲಬ್‌ನಲ್ಲಿ ಎಲಾ ಹಾಡಿದ ರೆಕಾರ್ಡ್ ಇದೆ. ಗಿಟಾರ್ ಜೋ ಪಾಸ್, ಬಾಸ್ ಕೀಟರ್ ಬೆಟ್ಸ್, ಡ್ರಮ್ಸ್ ಬಾಬಿ ಡರ್ಹಮ್. ಗಿಟಾರ್ ಮತ್ತು ಪಿಯಾನೋ ಎರಡೂ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿಸುವ ವಾದ್ಯ. ಒಂದೇ ವೇದಿಕೆಯಲ್ಲಿ ಇದ್ದರೆ ಒಂದಕ್ಕೊಂದು ತಾಗದೇ ಇರುವುದು ಅಪರೂಪ. ಇಲ್ಲಿ ತಾಗುವುದಿಲ್ಲ.

ಮತ್ತೆ ಎಲಾ ಅವರ ಸ್ಕ್ಯಾಟ್. ಪದವಿಲ್ಲದೆ ಬರೀ ಸದ್ದುಗಳಲ್ಲಿ ಹಾಡಿಕೊಂಡು ಹೋಗುವುದು. ಅವರು ಆ ಹೊತ್ತಿಗೆ ಗಾಯಕಿಯಲ್ಲ, ಟ್ರಂಪೆಟ್ ಅಂತ ಇಟ್ಟುಕೊಳ್ಳಿ. ಯಾವ ಹಾಡಿನ ತುಣುಕು ಎಲ್ಲಿಂದ ತರುತ್ತಾರೋ ಗೊತ್ತಿಲ್ಲ. ಮಧ್ಯದಲ್ಲಿ ಬೇರೆ ಹಾಡಿಗೆ ಹಾರುತ್ತಾರೆ. ಪಿಯಾನೋದವರು ಅಷ್ಟೇ ಬೇಗ ಹಾರಬೇಕು. ಹೀಗೆ ಪ್ರತಿ ರಾತ್ರಿ.

ಒಂಟಿಮರ:

ಹೊಳೆದಂಡೆಯವರೇ, ನಿಮ್ಮ ವಾದ ನಾನು ಒಪ್ಪುವುದಿಲ್ಲ. ಫ್ಲಾನಗನ್ ನನಗೂ ಇಷ್ಟ. ಇಷ್ಟ ಇರುವುದಕ್ಕೇ ಹೊಟ್ಟೆಯುರಿಯುತ್ತದೆ.

ಲೆಕ್ಕ ನೋಡಿ. 1957ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ‘ಓವರ್‌ಸೀಸ್’ ರೆಕಾರ್ಡ್ ಮಾಡಿದರು. ಬಾಸ್ ವಿಲ್ಬರ್ ಲಿಟ್ಲ್, ಡ್ರಮ್ಸ್ ಎಲ್ವಿನ್ ಜೋನ್ಸ್. ಎಲ್ವಿನ್ ಕಡ್ಡಿ ಬಿಟ್ಟು ಬ್ರಷ್ ಹಿಡಿದಿದ್ದಾರೆ. ಅದು ಮುಂದೆ ಕೋಲ್ಟ್ರೇನ್ ಹಿಂದೆ ಗುಡುಗಿದ ಎಲ್ವಿನ್ ಅಂತ ನಂಬುವುದಕ್ಕೇ ಆಗುವುದಿಲ್ಲ. ಆ ಮೂವರ ನುಡಿಸಾಣಿಕೆಯಲ್ಲಿ ಎಷ್ಟು ಉಲ್ಲಾಸ! 27 ವರ್ಷದ ಹುಡುಗ. 1960ರಲ್ಲಿ ಇನ್ನೊಂದು ಟ್ರಿಯೋ, ಅಂದರೆ ಮೂವರ ತಂಡದ, ರೆಕಾರ್ಡ್. ಆಮೇಲೆ? ಸ್ವಂತ ಹೆಸರಿನಲ್ಲಿ ಮುಂದಿನ ಆಲ್ಬಂ ಬಂದದ್ದು 1975ರಲ್ಲಿ. ಹದಿನೈದು ವರ್ಷ ಖಾಲಿ.

ಆ ಹದಿನೈದು ವರ್ಷದಲ್ಲಿ ಬಿಲ್ ಇವಾನ್ಸ್, ಮ್ಯಾಕಾಯ್ ಟೈನರ್, ಹರ್ಬಿ ಹ್ಯಾನ್‌ಕಾಕ್ ಜಾಝ್ ಪಿಯಾನೋವನ್ನೇ ಬದಲಿಸಿಬಿಟ್ಟರು. ಫ್ಲಾನಗನ್ ಆ ಹೊತ್ತಿನಲ್ಲಿ ಸ್ಯಾಕ್ಸೊಫೋನ್‌ನ ಕೋಲ್ಮನ್ ಹಾಕಿನ್ಸ್ ಜೊತೆ ಇದ್ದರು, 1963ರಿಂದ 1965ರವರೆಗೆ ಎಲಾ ಜೊತೆ, ಮಧ್ಯೆ ಸ್ವಲ್ಪ ಕಾಲ ಗಾಯಕ ಟೋನಿ ಬೆನೆಟ್ ಜೊತೆ, ಮತ್ತೆ 1968ರಿಂದ ಹತ್ತು ವರ್ಷ ಎಲಾ ಜೊತೆ. ವರ್ಷದಲ್ಲಿ ಬಹುಪಾಲು ವಿಮಾನ, ಹೋಟೆಲ್, ದೊಡ್ಡ ಹಾಲ್. ಜನ ಬಂದದ್ದು ಎಲಾ ಅವರನ್ನು ಕೇಳಲು. ಕೊನೆಗೆ 1978ರಲ್ಲಿ ಹೃದಯಾಘಾತ ಆದ ಮೇಲೆ ತಾನೇ ಆ ಕೆಲಸ ಬಿಟ್ಟದ್ದು? ಮೂವತ್ತರಿಂದ ನಲವತ್ತೆಂಟರವರೆಗಿನ ವಯಸ್ಸು ಒಬ್ಬ ಕಲಾವಿದನಿಗೆ ತುಂಬಿದ ಹರೆಯ. ಅದನ್ನು ಇನ್ನೊಬ್ಬರ ಹಾಡಿಗೆ ಕೊಟ್ಟರು. ನಷ್ಟ ಅಲ್ಲದೆ ಇನ್ನೇನು?

ಹೊಳೆದಂಡೆ:

ಒಂಟಿಮರ ಅವರೇ, ಈ ಪ್ರಶ್ನೆ ಬರಲೇಬೇಕಿತ್ತು. ನೀವು ಕೊಟ್ಟ ವರ್ಷಗಳೆಲ್ಲ ಸರಿ. ಆದರೆ ಆ 1975ರ ಆಲ್ಬಂ ಹೇಗೆ ಹುಟ್ಟಿತು ನೋಡಿ.

ಅದು ‘ಟೋಕಿಯೋ ರಿಸೈಟಲ್’. ಆ ವರ್ಷ ಫೆಬ್ರವರಿಯಲ್ಲಿ ಜಪಾನ್‌ನಲ್ಲಿ ರೆಕಾರ್ಡ್ ಆದದ್ದು. ಬಾಸ್‌ನಲ್ಲಿ ಕೀಟರ್ ಬೆಟ್ಸ್, ಡ್ರಮ್ಸ್‌ನಲ್ಲಿ ಬಾಬಿ ಡರ್ಹಮ್. ಅಂದರೆ ಎಲಾ ಅವರ ಹಿಂದೆ ದಿನಾ ಕೂರುತ್ತಿದ್ದ ಅದೇ ಮೂವರು. ಕಂಪನಿ ಪಾಬ್ಲೋ, ಎಲಾ ಅವರ ಮ್ಯಾನೇಜರ್ ನಾರ್ಮನ್ ಗ್ರಾಂಜ್ ಅವರದು. ಡ್ಯೂಕ್ ಎಲಿಂಗ್ಟನ್ ಮತ್ತು ಬಿಲ್ಲಿ ಸ್ಟ್ರೇಹಾರ್ನ್ ಅವರ ರಚನೆಗಳು. ಎರಡು ವರ್ಷ ಬಿಟ್ಟು, 1977ರಲ್ಲಿ ಸ್ವಿಟ್ಜರ್‌ಲ್ಯಾಂಡ್‌ನ ಮೊಂಟ್ರೊ ಜಾಝ್ ಉತ್ಸವದಲ್ಲಿ ಎಲಾ ಕಛೇರಿಯೂ ರೆಕಾರ್ಡ್ ಆಯಿತು, ಇದೇ ಮೂವರ ಸ್ವಂತ ಕಛೇರಿಯೂ ಬೇರೆಯಾಗಿ ರೆಕಾರ್ಡ್ ಆಯಿತು. ಎರಡೂ ಸಿಗುತ್ತವೆ, ಬೆನ್ನಿಗೆ ಬೆನ್ನು ಹಚ್ಚಿ ಕೇಳಿ.

‘ಓವರ್‌ಸೀಸ್’ನ ಹುಡುಗ ಚುರುಕು. ಹೇಳಬೇಕಾದದ್ದೆಲ್ಲ ಒಂದೇ ಉಸಿರಿಗೆ ಹೇಳುವ ಆತುರ ಇದೆ. ಟೋಕಿಯೋದ ಮನುಷ್ಯ ಬೇರೆ. ಸ್ಟ್ರೇಹಾರ್ನ್ ಅವರ ನಿಧಾನದ ರಚನೆಯಲ್ಲಿ ಧಾಟಿಯನ್ನು ಹಾಡಿನ ಮಾತು ಗೊತ್ತಿರುವವರ ಹಾಗೆ ನುಡಿಸುತ್ತಾರೆ. ಎಲ್ಲಿ ವಾಕ್ಯ ಮುಗಿಯುತ್ತದೆ, ಎಲ್ಲಿ ಉಸಿರು, ಎಲ್ಲಿ ಒಂದು ಪದವನ್ನು ಸ್ವಲ್ಪ ಎಳೆಯಬೇಕು, ಎಲ್ಲ ಇದೆ. ಪಿಯಾನೋಗೆ ಉಸಿರು ಬೇಕಿಲ್ಲ. ಬೆರಳು ಓಡಿಸುತ್ತಲೇ ಇರಬಹುದು. ಅದರಿಂದಲೇ ಎಷ್ಟೋ ಪಿಯಾನೋ ಸೋಲೋಗಳು ನಿಲ್ಲುವುದೇ ಇಲ್ಲ. ಫ್ಲಾನಗನ್ ನಿಲ್ಲುತ್ತಾರೆ. ಹತ್ತು ವರ್ಷ ಒಬ್ಬ ಗಾಯಕಿಯ ಉಸಿರನ್ನು ಎಣಿಸಿದ ಕೈ ಅದು. ಅದೂ ಎಂಥ ಗಾಯಕಿ! ವಾದ್ಯದವರು ಅವರ ಗಂಟಲು ಕೇಳಿ ಶ್ರುತಿ ಸರಿ ಮಾಡಿಕೊಳ್ಳಬಹುದಿತ್ತು, ಅಷ್ಟು ಖಚಿತ.

ಇವಾನ್ಸ್, ಟೈನರ್, ಹ್ಯಾನ್‌ಕಾಕ್ ಹಾದಿ ಬದಲಿಸಿದರು ಅಂದಿರಿ, ಹೌದು. ಹಾದಿ ಬದಲಿಸದವರಿಗೂ ಜಾಗ ಇದೆ ಅಲ್ವಾ? ಆಯಾಸದ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಪೂರ್ತಿ ನಿಜ. ಆ ಪ್ರವಾಸ ಅವರ ದೇಹವನ್ನು ಹಿಂಡಿತು. ಅದನ್ನು ಚಂದ ಮಾಡಿ ಹೇಳುವ ಇಷ್ಟ ನನಗೂ ಇಲ್ಲ.

ಪಿಟೀಲು ಪಾಠ:

ನಾನು ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿದ್ದೇನೆ. ಜಾಝ್ ಹೆಚ್ಚು ಗೊತ್ತಿಲ್ಲ. ಈ ಚರ್ಚೆ ನೋಡಿ ಎಲಾ ಅವರ ಲಂಡನ್ ರೆಕಾರ್ಡ್ ಕೇಳಿದೆ. ನನಗೆ ಹೊಳೆದದ್ದು ಹೇಳುತ್ತೇನೆ, ಸರಿಯೋ ನೋಡಿ.

ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕರ ಹಿಂದೆಯೇ ಹೋಗುತ್ತದೆ. ಆಲಾಪನೆಯಲ್ಲಿ ಅವರು ಒಂದು ಸಂಗತಿ ಹಾಡಿದರೆ ಅದರ ನೆರಳಿನಂತೆ ಒಂದು ಕ್ಷಣ ತಡವಾಗಿ ಅದೇ ಸ್ವರ ನುಡಿಸುತ್ತೇವೆ. ಆಮೇಲೆ ನಮ್ಮ ಸರದಿ ಬರುತ್ತದೆ. ಟಿ. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿಕೊಂಡದ್ದೇ ದೊಡ್ಡ ಕಂಠದ ಗಾಯಕರ ಪಕ್ಕದಲ್ಲಿ ಸಭೆಯ ಕೊನೆವರೆಗೆ ಕೇಳಿಸಬೇಕು ಅಂತ. ಫ್ಲಾನಗನ್ ಮಾತ್ರ ಎಲಾ ಹಾಡಿದ್ದನ್ನು ಮತ್ತೆ ನುಡಿಸುವುದೇ ಇಲ್ಲ. ಅವರು ಹಿಂದೆ ಬರುವುದಿಲ್ಲ, ಅರ್ಧ ಹೆಜ್ಜೆ ಮುಂದೆ ಹೋಗಿ ನೆಲ ಹಾಸುತ್ತಾರೆ ಅನಿಸಿತು.

ಕರಾವಳಿ ಕೀಲಿಮಣೆ:

ಸರಿಯಾಗೇ ಕೇಳಿದ್ದೀರಿ. ಕಾರಣ ಹಾರ್ಮನಿ, ಅಂದರೆ ಹಾಡಿನ ಕೆಳಗೆ ಸಾಗುವ ಕಾರ್ಡ್‌ಗಳು. ಗಾಯಕಿ ಮುಂದೆ ಹಾಡಬಹುದಾದ ಸ್ವರ ಯಾವ ಕಾರ್ಡ್ ಮೇಲೆ ಕೂರುತ್ತದೆ ಅಂತ ಪಿಯಾನೋ ಮೊದಲೇ ತೋರಿಸಿರಬೇಕು. ಒಂದು ಬೀಟ್ ತಡ ಆದರೆ ಹಾಡುವವರ ಕಾಲ ಕೆಳಗೆ ಏನೂ ಇರುವುದಿಲ್ಲ. ಹಾಗಂತ ಬೇಗ ಹೋಗಿ ದಾರಿ ಪೂರ್ತಿ ಕಟ್ಟಿಬಿಟ್ಟರೆ ಅವರಿಗೆ ಬೇರೆ ದಾರಿ ಹಿಡಿಯುವ ಸ್ವಾತಂತ್ರ್ಯ ಇಲ್ಲ. ಆದ್ದರಿಂದಲೇ ಫ್ಲಾನಗನ್ ಕಡಿಮೆ ಸ್ವರದ ಕಾರ್ಡ್ ಆರಿಸುತ್ತಾರೆ. ಎರಡು ಸ್ವರ ಇಟ್ಟು ಉಳಿದದ್ದು ಬಿಡುತ್ತಾರೆ.

ರಾತ್ರಿ ರೇಡಿಯೋ:

ಪಕ್ಕವಾದ್ಯದ ಮಾತು ಬಂದದ್ದಕ್ಕೆ ಇನ್ನೂ ಕೆಲವರ ಹೆಸರು. 1935ರಿಂದ ಗಾಯಕಿ ಬಿಲ್ಲಿ ಹಾಲಿಡೇ ಜೊತೆ ರೆಕಾರ್ಡ್ ಮಾಡಿದ ಟೆಡ್ಡಿ ವಿಲ್ಸನ್. ಹಾಲಿಡೇ ಅವರ ಕೊನೆಯ ವರ್ಷಗಳಲ್ಲಿ ಜೊತೆಗಿದ್ದ ಮ್ಯಾಲ್ ವಾಲ್ಡ್ರನ್. ಎಲಾ ಅವರದೇ ಇನ್ನೊಂದು ಜೋಡಿ ಎಲ್ಲಿಸ್ ಲಾರ್ಕಿನ್ಸ್. 1950ರಲ್ಲಿ ಬಾಸ್ ಇಲ್ಲ, ಡ್ರಮ್ಸ್ ಇಲ್ಲ, ಬರೀ ದನಿ ಮತ್ತು ಪಿಯಾನೋ ಇಟ್ಟುಕೊಂಡು ಗರ್ಶ್ವಿನ್ ಹಾಡುಗಳನ್ನು ರೆಕಾರ್ಡ್ ಮಾಡಿದರು. ನನಗೆ ಲಾರ್ಕಿನ್ಸ್ ಫ್ಲಾನಗನ್‌ಗಿಂತ ಒಂದು ತೂಕ ಹೆಚ್ಚೇ. ಅಷ್ಟು ಮೆತ್ತಗೆ ಯಾರೂ ನುಡಿಸಿಲ್ಲ.

ನಮ್ಮ ದೇಶಕ್ಕೂ ಒಬ್ಬ ದೊಡ್ಡ ಜಾಝ್ ಪಿಯಾನೋ ವಾದಕ ಬಂದು ಉಳಿದಿದ್ದರು, ಟೆಡ್ಡಿ ವೆದರ್‌ಫೋರ್ಡ್. ಶಿಕಾಗೋದಲ್ಲಿ ಹೆಸರು ಮಾಡಿ, ಶಾಂಘೈ ಸುತ್ತಿ, ಬಾಂಬೆಯ ತಾಜ್ ಹೋಟೆಲಿನಲ್ಲಿ ನುಡಿಸಿ, ಯುದ್ಧದ ಕಾಲಕ್ಕೆ ಕಲ್ಕತ್ತಾದಲ್ಲಿದ್ದರು. 1945ರಲ್ಲಿ ಅಲ್ಲೇ ಕಾಲರಾದಿಂದ ತೀರಿಕೊಂಡರು. ಅವರ ಬಗ್ಗೆ ಯಾರಾದರೂ ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಒಂಟಿಮರ:

ಹೊಳೆದಂಡೆಯವರೇ, ನೀವು ಹೇಳಿದ ಎರಡೂ ಮೊಂಟ್ರೊ ರೆಕಾರ್ಡ್ ಕೇಳಿದೆ. ಪಿಯಾನೋ ಉಸಿರಾಡುತ್ತದೆ ಅನ್ನುವುದು ಒಪ್ಪಿದೆ. ಆದರೂ ಆ ಹದಿನೈದು ವರ್ಷದಲ್ಲಿ ಮೂರು ಟ್ರಿಯೋ ಆಲ್ಬಂ ಇದ್ದಿದ್ದರೆ ಅನ್ನುವ ಆಸೆ ಬಿಡುವುದಿಲ್ಲ. ಅದಿರಲಿ, ಶುರುವಿನಲ್ಲಿ ‘ಜಾಯಂಟ್ ಸ್ಟೆಪ್ಸ್’ ಎತ್ತಿ ಅಲ್ಲೇ ಬಿಟ್ಟಿರಿ. ಅಲ್ಲಿ ಅವರು ತಡವರಿಸಿದ್ದು ನಿಜ ತಾನೇ?

ಹೊಳೆದಂಡೆ:

ನಿಜ. ಮುಚ್ಚಿಡುವಂಥದ್ದು ಏನಿಲ್ಲ. ಆದರೆ ಅಲ್ಲಿ ಏನಾಯಿತು ಅಂತ ನಿಧಾನವಾಗಿ ನೋಡೋಣ.

1959ರ ಮೇ ತಿಂಗಳು, ನ್ಯೂಯಾರ್ಕ್. ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಟೇಲರ್. ಕೋಲ್ಟ್ರೇನ್ ಮೊದಲೇ ಫ್ಲಾನಗನ್‌ಗೆ ಕಾರ್ಡ್‌ಗಳನ್ನು ತೋರಿಸಿದ್ದರು. ಅದನ್ನು ನೋಡಿ ಇದು ನಿಧಾನದ ರಚನೆ ಇರಬೇಕು ಅಂದುಕೊಂಡೆ ಅಂತ ಫ್ಲಾನಗನ್ ಮುಂದೆ ಹೇಳಿಕೊಂಡಿದ್ದಾರೆ. ಹಾಗೆ ಅಂದುಕೊಳ್ಳುವುದು ಸಹಜ. ಅಷ್ಟು ಒತ್ತೊತ್ತಾಗಿ ಕಾರ್ಡ್ ಬದಲಾಗುವ ರಚನೆ ವೇಗದಲ್ಲಿ ಇರುತ್ತದೆ ಅಂತ ಆಗ ಯಾರೂ ಊಹಿಸುತ್ತಿರಲಿಲ್ಲ.

ರಚನೆ ಬರೀ 16 ಬಾರ್. ಸಪ್ತಕವನ್ನು ಮೂರು ಸಮ ಪಾಲು ಮಾಡಿ, ಆ ಮೂರು ಶ್ರುತಿಗಳ ನಡುವೆ ಹಾರುತ್ತಾ ಹೋಗುತ್ತದೆ. ಬಿ, ಜಿ, ಇ ಫ್ಲ್ಯಾಟ್. ಒಂದರಿಂದ ಇನ್ನೊಂದಕ್ಕೆ ಹತ್ತಿರದ ನೆಂಟಸ್ತಿಕೆ ಇಲ್ಲ. ಮೊದಲ ಎರಡು ಬಾರ್‌ನಲ್ಲೇ ನಾಲ್ಕು ಕಾರ್ಡ್. ವೇಗ ನಿಮಿಷಕ್ಕೆ ಸುಮಾರು 290 ಬೀಟ್. ಲೆಕ್ಕ ಹಾಕಿದರೆ 16 ಬಾರ್ ಮುಗಿಯಲು ಹದಿಮೂರು ಹದಿನಾಲ್ಕು ಸೆಕೆಂಡ್. ಕೋಲ್ಟ್ರೇನ್ ಈ ದಾರಿಯನ್ನು ತಿಂಗಳುಗಟ್ಟಲೆ ಮನೆಯಲ್ಲಿ ತುಳಿದು ಸಿದ್ಧವಾಗಿದ್ದರು. ಅದಕ್ಕಿಂತ ಸ್ವಲ್ಪ ಮುಂಚೆ ಇದೇ ರಚನೆಯನ್ನು ಸೀಡರ್ ವಾಲ್ಟನ್ ಪಿಯಾನೋದಲ್ಲಿಟ್ಟುಕೊಂಡು ರೆಕಾರ್ಡ್ ಮಾಡಿ ನೋಡಿದ್ದರು. ವಾಲ್ಟನ್ ಸೋಲೋ ತೆಗೆದುಕೊಳ್ಳಲೇ ಇಲ್ಲ. ಅವರೂ ಸಣ್ಣವರಲ್ಲ.

ಈಗ ಫ್ಲಾನಗನ್ ಸೋಲೋ. ಕೋಲ್ಟ್ರೇನ್ ಬಿರುಗಾಳಿಯಂತೆ ನುಡಿಸಿ ನಿಲ್ಲಿಸುತ್ತಾರೆ. ಪಿಯಾನೋ ಬಲಗೈಯಲ್ಲಿ ಒಂಟಿ ಸ್ವರಗಳ ಸಾಲು ಶುರು ಮಾಡುತ್ತದೆ. ಸಾಲು ತುಂಡಾಗುತ್ತದೆ. ಮತ್ತೆ ಹಿಡಿಯುತ್ತಾರೆ, ಮತ್ತೆ ಬಿಡುವು ಬರುತ್ತದೆ. ಆ ಬಿಡುವುಗಳು ಯೋಚಿಸಿ ಬಿಟ್ಟವಲ್ಲ, ದಾರಿ ಹುಡುಕುವವರ ಬಿಡುವು. ಆಮೇಲೆ ಒಂದು ನಿರ್ಧಾರ ಮಾಡುತ್ತಾರೆ. ಸ್ವರದ ಸಾಲು ಬಿಟ್ಟು ಬರೀ ಕಾರ್ಡ್‌ಗಳನ್ನು ನುಡಿಸುತ್ತಾ ಹೋಗುತ್ತಾರೆ. ಒಂದೂ ತಪ್ಪಿಲ್ಲದ ಕಾರ್ಡ್‌ಗಳು, ಸರಿಯಾದ ಜಾಗದಲ್ಲಿ. ಮಿಂಚುವ ಆಸೆಯನ್ನು ಪಕ್ಕಕ್ಕಿಟ್ಟು ರಚನೆಯ ಎಲುಬನ್ನು ಕಾಪಾಡಿದರು. ಕೋಲ್ಟ್ರೇನ್ ವಾಪಸ್ ಒಳಗೆ ಬಂದಾಗ ನೆಲ ಗಟ್ಟಿಯಾಗಿಯೇ ಇದೆ. ನನ್ನ ದೃಷ್ಟಿಯಲ್ಲಿ ಅದೂ ಪಕ್ಕವಾದ್ಯದವರ ಬುದ್ಧಿಯೇ.

ಇಡೀ ಹಾಡನ್ನು ಇನ್ನೊಂದು ಸಲ ಕೇಳುವಾಗ ಸೋಲೋ ಬಿಟ್ಟು, ಕೋಲ್ಟ್ರೇನ್ ನುಡಿಸುವಾಗ ಹಿಂದಿನ ಪಿಯಾನೋ ಮಾತ್ರ ಕೇಳಿ. ಅಲ್ಲಿ ತಡವರಿಕೆ ಎಲ್ಲಿದೆ ಹೇಳಿ.

1982ರಲ್ಲಿ ಫ್ಲಾನಗನ್ ಒಂದು ಆಲ್ಬಂ ಮಾಡಿದರು. ಬಾಸ್ ಜಾರ್ಜ್ ಮ್ರಾಜ್, ಡ್ರಮ್ಸ್ ಅಲ್ ಫಾಸ್ಟರ್. ಕೋಲ್ಟ್ರೇನ್ ನೆನಪಿಗೆ. ಅದರಲ್ಲಿ ‘ಜಾಯಂಟ್ ಸ್ಟೆಪ್ಸ್’ ಇದೆ. ಇಪ್ಪತ್ತಮೂರು ವರ್ಷ ಆದ ಮೇಲೆ, ಅದೇ ರಚನೆ, ಈಗ ಅವರೇ ಮುಂದಾಳು. ಅವರು ಬೇಡ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆ 16 ಬಾರ್‌ಗಳಲ್ಲಿ ಈಗ ಎಷ್ಟು ಆರಾಮಾಗಿ ಓಡಾಡುತ್ತಾರೆ ಕೇಳಿ. ಸಾಲುಗಳು ತುಂಡಾಗುವುದಿಲ್ಲ. ಬಿಡುವು ಇದೆ, ಆದರೆ ಈಗ ಅದು ಅವರೇ ಇಟ್ಟ ಬಿಡುವು. 1959ರದ್ದನ್ನು ಕೇಳಿ ತೀರ್ಪು ಕೊಡುವವರು 1982ರದ್ದನ್ನೂ ಕೇಳಬೇಕು. ಇದೊಂದು ವಿಷಯದಲ್ಲಿ ನನಗೆ ಹಟ ಇದೆ.

ಮಿಶಿಗನ್ ಮಾವ:

ಎಂಬತ್ತರ ದಶಕದ ಮಾತು ಬಂತು, ಇಷ್ಟು ಸೇರಿಸುತ್ತೇನೆ. ಎಲಾ ತಂಡ ಬಿಟ್ಟ ಮೇಲೆ ಅವರು ನ್ಯೂಯಾರ್ಕ್‌ನಲ್ಲಿ ಬ್ರ್ಯಾಡ್ಲೀಸ್ ಅನ್ನುವ ಸಣ್ಣ ಜಾಗದಲ್ಲಿ ನುಡಿಸುತ್ತಿದ್ದರು. ಗ್ರೀನ್‌ವಿಚ್ ವಿಲೇಜ್‌ನಲ್ಲಿ. ಪಿಯಾನೋ ಮತ್ತು ಬಾಸ್, ಅಷ್ಟೇ. ಅಲ್ಲಿದ್ದ ಗ್ರ್ಯಾಂಡ್ ಪಿಯಾನೋ ಸ್ಯಾಕ್ಸೊಫೋನ್ ವಾದಕ ಪಾಲ್ ಡೆಸ್ಮಂಡ್ ಉಯಿಲಿನಲ್ಲಿ ಬಿಟ್ಟುಹೋದದ್ದು. ಉಳಿದ ಪಿಯಾನೋದವರೂ ಕೆಲಸ ಮುಗಿಸಿ ಅಲ್ಲಿಗೆ ಬರುತ್ತಿದ್ದರು. ಪಕ್ಕವಾದ್ಯದವರು ಅಂತ ಮೂಲೆಗಿಟ್ಟ ಮನುಷ್ಯನನ್ನು ನೋಡಲು ಪಿಯಾನೋದವರೇ ಬಂದು ಕೂರುತ್ತಿದ್ದರಲ್ಲ.

ಆಮೇಲಿನ ಇಪ್ಪತ್ತು ವರ್ಷದಲ್ಲಿ ಸಾಲು ಸಾಲು ಆಲ್ಬಂ. ಥೆಲೋನಿಯಸ್ ಮಾಂಕ್ ರಚನೆಗಳದ್ದು ಒಂದು, ಹಳೇ ಗೆಳೆಯ ಥ್ಯಾಡ್ ಜೋನ್ಸ್ ರಚನೆಗಳದ್ದು ಒಂದು. ಹಲವು ಸಲ ಗ್ರ್ಯಾಮಿ ಪ್ರಶಸ್ತಿಗೆ ಹೆಸರು ಹೋಯಿತು, ಒಂದೂ ಬರಲಿಲ್ಲ. 1993ರಲ್ಲಿ ಡೆನ್ಮಾರ್ಕ್‌ನ ಜಾಝ್‌ಪಾರ್ ಪ್ರಶಸ್ತಿ, 1996ರಲ್ಲಿ ಅಮೆರಿಕ ಸರ್ಕಾರದ ಜಾಝ್ ಮಾಸ್ಟರ್ ಗೌರವ. 2001ರ ನವೆಂಬರ್ 16ರಂದು ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು. 71 ವರ್ಷ.

ಹೊಸ ಕಿವಿ:

ಎಲ್ಲ ಓದಿದೆ. ಜಾಝ್ ನನಗೆ ಹೊಸದು. ಎಲಾ ಹಾಡು ಹಾಕಿದರೆ ನನ್ನ ಕಿವಿ ಅವರ ದನಿಯ ಹಿಂದೆಯೇ ಹೋಗಿಬಿಡುತ್ತದೆ, ಪಿಯಾನೋ ಕೇಳಿಸುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ?

ಕರಾವಳಿ ಕೀಲಿಮಣೆ:

ದನಿಯ ಹಿಂದೆ ಹೋಗುವುದೇ ಸರಿ. ಪಿಯಾನೋದವರ ಆಸೆಯೂ ಅದೇ ಇರುತ್ತದೆ. ಒಂದು ಉಪಾಯ ಹೇಳುತ್ತೇನೆ. ನಿಮಗೆ ಬಾಯಿಪಾಠ ಬರುವಷ್ಟು ಸಲ ಒಂದೇ ನಿಧಾನದ ಹಾಡು ಕೇಳಿ. ಮಾತು ಗೊತ್ತಾದ ಮೇಲೆ ಕಿವಿಗೆ ಅದರ ಚಿಂತೆ ಇರುವುದಿಲ್ಲ. ಆಗ ಸಾಲು ಮುಗಿಯುವ ಜಾಗಗಳಲ್ಲಿ ಕಾದು ಕೂರಿ. ಫ್ಲಾನಗನ್ ಅಲ್ಲೇ ಸಿಗುತ್ತಾರೆ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಫೋನ್ ಸ್ಪೀಕರ್‌ನಲ್ಲಿ ಎಡಗೈ ಕೇಳಿಸುವುದಿಲ್ಲ.

ಹೊಳೆದಂಡೆ:

ಹೊಸ ಕಿವಿ ಅವರೇ, ನಾನು ಹೇಳುವುದಾದರೆ ಹಾಡಿಲ್ಲದ ರೆಕಾರ್ಡ್‌ನಿಂದ ಶುರು ಮಾಡಿ. 1997ರ ಮಾರ್ಚ್‌ನಲ್ಲಿ, ಅವರ 67ನೇ ಹುಟ್ಟುಹಬ್ಬದ ಹೊತ್ತಿಗೆ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ನುಡಿಸಿದ್ದು ‘ಸನ್‌ಸೆಟ್ ಅಂಡ್ ದ ಮಾಕಿಂಗ್‌ಬರ್ಡ್’ ಹೆಸರಿನಲ್ಲಿ ಬಂದಿದೆ. ಬಾಸ್ ಪೀಟರ್ ವಾಷಿಂಗ್ಟನ್, ಡ್ರಮ್ಸ್ ಲೂಯಿಸ್ ನ್ಯಾಶ್. ಹೆಸರಿನ ರಚನೆ ಎಲಿಂಗ್ಟನ್ ಅವರದು. ಅಲ್ಲಿ ಅವರ ಕೈ ಪರಿಚಯ ಆಗಲಿ. ಆಮೇಲೆ ‘ಓವರ್‌ಸೀಸ್’, ಆಮೇಲೆ ಟೋಕಿಯೋ, ಕೊನೆಗೆ ಎಲಾ ಲಂಡನ್. ಕೈ ಗುರುತು ಸಿಕ್ಕ ಮೇಲೆ ಎಲಾ ದನಿಯ ಕೆಳಗೂ ಅದು ತಾನಾಗೇ ಕೇಳಿಸುತ್ತದೆ.

‘ಜಾಯಂಟ್ ಸ್ಟೆಪ್ಸ್’ ಆಲ್ಬಂ ಹಾಕಿಕೊಂಡರೆ ಒಂದು ವಿಷಯ ಗೊತ್ತಿರಲಿ. ಅದರಲ್ಲಿನ ‘ನೈಮಾ’ ಅನ್ನುವ ರಚನೆಯಲ್ಲಿ ಪಿಯಾನೋ ಫ್ಲಾನಗನ್ ಅವರದಲ್ಲ, ವಿಂಟನ್ ಕೆಲ್ಲಿ ಅವರದು. ಅದು 1959ರ ಡಿಸೆಂಬರ್‌ನಲ್ಲಿ ಬೇರೆಯಾಗಿ ರೆಕಾರ್ಡ್ ಆದದ್ದು. ಕೇಳಿ ಆದ ಮೇಲೆ ನಿಮಗೆ ಏನು ಅನಿಸಿತು ಇಲ್ಲೇ ಬರೆಯಿರಿ. ಒಂಟಿಮರ ಅವರೇ, ನೀವೂ 1982ರದ್ದು ಕೇಳಿ ಬನ್ನಿ, ಆ ಹದಿನೈದು ವರ್ಷದ ಜಗಳ ಇನ್ನೂ ಬಾಕಿ ಇದೆ.